ಮುತ್ಯಾನ ದನಿ ಯಾರ ಪಾಲು?

ಪ್ರಶ್ನೆ: ಬೇರೆ ಬೇರೆ ದೇಶಗಳ ಗೆಳೆಯರು ಸೇರಿ, ತಮ್ಮ ತಮ್ಮ ಊರಿನ ಹಳೆಯ ವಾದ್ಯಗಳ ದನಿ ಹಿಡಿದು ಒಂದು ಕಡೆ ಕೂಡಿಸಿ, ಎಲ್ಲರೂ ಅದರಿಂದ ಹಾಡು ಕಟ್ಟೋಣ ಅಂದುಕೊಂಡಿದ್ದೇವೆ. ನಮ್ಮೂರ ಭಜನೆಯ ಮುತ್ಯಾ ಏಕತಾರಿ ಹಿಡಿದು ಕನ್ನಡ, ತೆಲುಗು ಎರಡರಲ್ಲೂ ತತ್ವಪದ ಹೇಳುತ್ತಾರೆ. ಹಲಗಿಯವರೂ ಇದ್ದಾರೆ. ನನ್ನ ಹತ್ತಿರ ಮೊಬೈಲು, ಒಂದು ಸಣ್ಣ ರೆಕಾರ್ಡರ್ ಅಷ್ಟೇ. ಸಾಕೇ?
– ಓದುಗ, ಮದ್ದೂರು

ಉತ್ತರ: ಧಾರಾಳ ಸಾಕು. 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲ್ ಇಡಿ; ಎಂಪಿತ್ರೀ ಬೇಡ. ಮುತ್ಯಾ ದನಿ ಏರಿಸಿದಾಗಲೂ ಮೀಟರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ಇರಲಿ. ಒಮ್ಮೆ ದನಿ ಒಡೆದರೆ ಆಮೇಲೆ ಪೂರ್ತಿ ಸರಿಪಡಿಸಲಾಗದು. ಮೊಬೈಲನ್ನು ವಿಡಿಯೊಗೆ ಇಟ್ಟುಕೊಳ್ಳಿ, ಬೆರಳು ಎಲ್ಲಿ ಮೀಟುತ್ತದೆ ಎಂಬುದು ನಿಮ್ಮ ದೂರದ ಗೆಳೆಯರಿಗೂ ತಿಳಿಯಲಿ.

ನಾರಾಯಣಪೇಟೆ ಸೀರೆ ನೇಯುವ ಓಣಿಯಾದರೆ ಮಗ್ಗ ನಿಂತ ಹೊತ್ತು ನೋಡಿಕೊಂಡು ಕೂಡಿ. ಫ್ಯಾನು ಆರಿಸಿ. ಜೋಳದ ಚೀಲ ಪೇರಿಸಿದ ಕೋಣೆ ಸಿಕ್ಕರೆ ನೀವು ಪುಣ್ಯವಂತರು, ಗೋಡೆಯ ಮಾರ್ದನಿಯನ್ನೆಲ್ಲ ಚೀಲಗಳೇ ನುಂಗುತ್ತವೆ.

ಮೊದಲು ಇಡೀ ಪದ ಹೇಳಿಸಿ. ಒಂದೊಂದೇ ಸ್ವರ ಕೊಡಿ ಎಂದು ಶುರುವಿಗೇ ಕೇಳಿದರೆ ಯಾವ ಹಾಡುಗಾರನಿಗೂ ಉಮೇದು ಉಳಿಯುವುದಿಲ್ಲ. ಕೈ ಬಿಸಿಯಾದ ಮೇಲೆ ತಂತಿಯನ್ನು ಮೆಲ್ಲಗೆ, ಹದವಾಗಿ, ಜೋರಾಗಿ ಮೀಟಿಸಿ. ಪ್ರತಿ ಸಲವೂ ಗುಂಗು ಪೂರ್ತಿ ಅಡಗುವ ತನಕ ಯಾರೂ ಕೆಮ್ಮಬಾರದು. ಹಲಗಿಯ ಲೆಕ್ಕ ಬೇರೆ. ಬೆಂಕಿಗೆ ಕಾಯಿಸಿದ ಕೂಡಲೇ ಚರ್ಮ ಬಿಗಿದು ದನಿ ಏರುತ್ತದೆ, ಆರುತ್ತಾ ಇಳಿಯುತ್ತದೆ. ಎರಡನ್ನೂ ಹಿಡಿಯಿರಿ. ಯಾರೂ ಇಲ್ಲದಂತೆ ಸುಮ್ಮನಿದ್ದು ಖಾಲಿ ಕೋಣೆಯ ಸದ್ದನ್ನೂ ಅರ್ಧ ನಿಮಿಷ ತುಂಬಿಕೊಳ್ಳಿ, ತುಣುಕು ಜೋಡಿಸುವಾಗ ಬೇಕಾಗುತ್ತದೆ. ಮುತ್ಯಾನ ಕಿವಿಗೆ ಹೆಡ್‌ಫೋನ್ ಹಾಕಿ ಮೆಟ್ರೋನೋಮ್ ಟಿಕ್‌ಟಿಕ್ ಕೇಳಿಸಬೇಡಿ. ಲಯ ಅವರದು. ಹೊಂದಿಕೊಳ್ಳುವ ಕೆಲಸ ನಿಮ್ಮ ಗೆಳೆಯರದು.

ಇನ್ನು ನೀವು ಕೇಳದೆ ಬಿಟ್ಟದ್ದು. ತತ್ವಪದದ ಕೊನೆಗೆ ಕರ್ತೃವಿನ ಅಂಕಿತ, ಗುರುವಿನ ಹೆಸರು ಬರುತ್ತದೆ. ಸ್ಯಾಂಪಲ್ ಮಾಡುವವರಿಗೆ ರುಚಿಸುವುದು ಪಲ್ಲವಿಯ ಎಳೆತ. ಅದನ್ನಷ್ಟೇ ಕತ್ತರಿಸಿಕೊಂಡರೆ ಹೇಳಿದವರ ಹೆಸರೂ ಹೋಯಿತು, ಕಟ್ಟಿದವರ ಹೆಸರೂ ಹೋಯಿತು. ಹಾಗಾಗಿ ರೆಕಾರ್ಡಿಂಗ್ ಶುರುವಾಗುವ ಮೊದಲೇ, ಮೈಕಿನ ಮುಂದೆಯೇ, ಅವರ ಭಾಷೆಯಲ್ಲೇ ಹೇಳಿ: ದನಿ ಎಲ್ಲಿಗೆ ಹೋಗುತ್ತದೆ, ತುಂಡಾಗುತ್ತದೆ, ಅದರ ಮೇಲೆ ಬೇರೆ ವಾದ್ಯ ಕೂಡುತ್ತದೆ, ದುಡ್ಡು ಬಂದರೆ ಪಾಲೆಷ್ಟು. ಯಾವ ಪದ ಕತ್ತರಿಸಬಾರದು ಎಂದು ಅವರನ್ನೇ ಕೇಳಿ. ಇಡೀ ರೆಕಾರ್ಡಿಂಗಿನ ಒಂದು ಪ್ರತಿ ಅವರ ಮನೆಯಲ್ಲಿರಲಿ.

ಪ್ರಶ್ನೆ: ಜಾತ್ರೆಗೆ ಬಂದಿದ್ದ ಪಟ್ಟಣದ ಹುಡುಗರು ನಮ್ಮ ತಾತನ ಪದ ರೆಕಾರ್ಡ್ ಮಾಡಿ, ಐನೂರು ರೂಪಾಯಿ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರು. ಈಗ ಅದು ಡಿಜೆ ಹಾಡಿನಲ್ಲಿ ಬರುತ್ತಿದೆ. ‘ಹಳೇ ಪದ, ಯಾರದೂ ಅಲ್ಲ’ ಅನ್ನುತ್ತಾರೆ. ನಿಜವೇ?
– ಓದುಗರು, ಮಕ್ತಲ್

ಉತ್ತರ: ಅರ್ಧ ನಿಜ. ತಲೆಮಾರಿನಿಂದ ಬಂದ ಪದಕ್ಕೆ ಒಡೆಯರಿಲ್ಲದಿರಬಹುದು. ಆದರೆ ತಾತ ಹೇಳಿದ ಆ ಹಾಡುಗಾರಿಕೆ ತಾತನದೇ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿ ಬಂದಾಗಿನಿಂದ ಪ್ರದರ್ಶಕರಿಗೆ ತಮ್ಮದೇ ಹಕ್ಕಿದೆ. ಕಾಯ್ದೆ ಹೇಳುವ ಪ್ರದರ್ಶಕರ ಪಟ್ಟಿಯಲ್ಲಿ ಹಾಡುಗಾರರ ಜೊತೆ ಹಾವಾಡಿಗರೂ ಇದ್ದಾರೆ! 2012ರ ತಿದ್ದುಪಡಿ ಇನ್ನೆರಡು ಕೊಟ್ಟಿತು: ತನ್ನ ಹೆಸರು ಹಾಕಿ ಎನ್ನುವ ಹಕ್ಕು, ತನ್ನ ಮಾನಕ್ಕೆ ಕುಂದು ತರುವಂತೆ ತಿರುಚಿದರೆ ತಡೆಯುವ ಹಕ್ಕು.

ಇಂಥದ್ದು ಬೇರೆ ಕಡೆಯೂ ಆಗಿದೆ. ತೈವಾನಿನ ಆಮಿಸ್ ಬುಡಕಟ್ಟಿನ ದಿಫಾಂಗ್ ಎಂಬ ಮುದುಕರ ಹಾಡನ್ನು ಎನಿಗ್ಮಾ ತಂಡ ‘ರಿಟರ್ನ್ ಟು ಇನ್ನೊಸೆನ್ಸ್’ನಲ್ಲಿ ಬಳಸಿತು. ಅದು ಲೋಕವೆಲ್ಲ ಸುತ್ತಿ, 1996ರ ಅಟ್ಲಾಂಟಾ ಒಲಿಂಪಿಕ್ಸ್ ಪ್ರಚಾರಕ್ಕೂ ಹೋಯಿತು. ಹಾಡಿದವರನ್ನು ಯಾರೂ ಕೇಳಿರಲಿಲ್ಲ. ಕೋರ್ಟಿಗೆ ಹೋದ ಮೇಲೆ 1999ರಲ್ಲಿ ರಾಜಿಯಾಯಿತು.

ಹೆಬ್ಬೆಟ್ಟಿನ ಕಾಗದದಲ್ಲಿ ಏನಿದೆ ಎಂಬುದರ ಮೇಲೆ ನಿಮ್ಮ ಮುಂದಿನ ದಾರಿ. ಅದರ ನಕಲು ಬರಹದಲ್ಲಿ ಕೇಳಿ, ಆ ಡಿಜೆ ಹಾಡನ್ನು ಇಳಿಸಿಟ್ಟುಕೊಳ್ಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ.

ಪ್ರಶ್ನೆ: ವಾದ್ಯದ ದನಿ ಹಿಡಿದ ಫೈಲಿಗೆ ಏನೆಂದು ಹೆಸರಿಡಬೇಕು?
– ಓದುಗ, ದಾಮರಗಿದ್ದ

ಉತ್ತರ: ‘ಇಂಡಿಯನ್ ಸ್ಟ್ರಿಂಗ್ 01’ ಎಂದಂತೂ ಬೇಡ. ನಿಮ್ಮೂರಿನವರೇ ಆದ ದಾಸರಿ ಕೊಂಡಪ್ಪ ಅವರಿಗೆ 2024ರಲ್ಲಿ ಪದ್ಮಶ್ರೀ ಬಂದದ್ದು ಬುರ್ರವೀಣೆಗೆ. ಅದಕ್ಕೆ ಎರಡು ವರ್ಷ ಮೊದಲು ಮೊಗಿಲಯ್ಯ ಅವರಿಗೆ ಬಂದದ್ದು ಹನ್ನೆರಡು ಮೆಟ್ಟಿಲ ಕಿನ್ನೆರಕ್ಕೆ. ಎರಡಕ್ಕೂ ಸೋರೆ ಬುರುಡೆಯಿದ್ದರೂ ವಾದ್ಯ ಬೇರೆ, ದನಿ ಬೇರೆ. ನುಡಿಸುವವರು ವಾದ್ಯವನ್ನು ಏನೆನ್ನುತ್ತಾರೋ ಅದು, ಅವರ ಹೆಸರು, ಊರು, ತಾರೀಖು – ಇಷ್ಟನ್ನು ಫೈಲಿನ ಹೆಸರಿನಲ್ಲೇ ಸೇರಿಸಿ. ಜೊತೆಗಿಟ್ಟ ಚೀಟಿ ಕಳೆದುಹೋಗುತ್ತದೆ.