ಇಪ್ಪತ್ತು ಆಟದಾಗ ಡೆಕ್ ಗೊತ್ತಾಗುತ್ತಾ?

ಡಿಜಿಟಲ್ ಕಾರ್ಡ್ ಗೇಮ್ ಆಡೋರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇಲ್ಲ. ಆದರೆ ಇರೋರೆಲ್ಲ ಹೇಳೋದು ಒಂದೇ ಮಾತು: "20 ಆಟದಾಗ 12 ಗೆದ್ದೆ, ಡೆಕ್ ಚೊಲೋ ಐತಿ." ಈ ಮಾತನ್ನ ಎಷ್ಟು ನಂಬಬಹುದು ಅಂತ ಇಲ್ಲಿ ಲೆಕ್ಕ ಹಾಕೋಣ. ಬರೀ ಮಾರ್ಕ್ಸ್‌ಗೋಸ್ಕರ ಓದಿದ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರ್ತದೆ.

ಉದಾಹರಣೆಗೆ ಹಾರ್ತ್‌ಸ್ಟೋನ್ ತಗೊಳ್ತೀನಿ. 2014ರಲ್ಲಿ ಬ್ಲಿಜರ್ಡ್ ಕಂಪನಿ ಬಿಡುಗಡೆ ಮಾಡಿದ ಆಟ ಇದು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರದರ್ಶನ ಸ್ಪರ್ಧೆಯಾಗಿಯೂ ಇತ್ತು. ಗುಜರಾತಿನ ಭುಜ್ ಊರಿನ ತೀರ್ಥ್ ಮೆಹ್ತಾ ಅದರಲ್ಲಿ ಭಾರತಕ್ಕೆ ಕಂಚು ತಂದರು. ಆಡದೇ ಇರೋರಿಗೆ ನಿಯಮ ಚಿಕ್ಕದಾಗಿ ಹೇಳಿಬಿಡ್ತೀನಿ. ಡೆಕ್ ಅಂದ್ರೆ ಸಾಮಾನ್ಯವಾಗಿ 30 ಕಾರ್ಡು. ಒಂದೇ ಕಾರ್ಡು ಎರಡರ ತನಕ ಇಡಬಹುದು, ಲೆಜೆಂಡರಿ ಆದ್ರೆ ಒಂದೇ. ಮೊದಲ ಸರದಿಗೆ 1 ಮಾನಾ, ಎರಡನೇದಕ್ಕೆ 2, ಹಿಂಗೆ 10ರ ತನಕ ಏರ್ತದೆ. ಪ್ರತಿ ಕಾರ್ಡಿಗೂ ಒಂದು ಮಾನಾ ಬೆಲೆ. ಬೇಕಾದ ಕಾರ್ಡು ಇಲ್ಲದಿದ್ರೆ 'ಡಸ್ಟ್' ಕೊಟ್ಟು ಮಾಡ್ಕೋಬೇಕು: ಕಾಮನ್ ಕಾರ್ಡಿಗೆ 40, ಲೆಜೆಂಡರಿಗೆ 1600. ಬೇಡ ಅಂತ ಲೆಜೆಂಡರಿ ಒಡೆದ್ರೆ ವಾಪಸ್ ಸಿಗೋದು 400 ಮಾತ್ರ.

ಆ ಕೊನೇ ಸಂಖ್ಯೆ ಮೇಲೆ ಕಣ್ಣಿಡ್ರಿ. ಹಾಸ್ಟೆಲ್‌ನ ನನ್ನ ದೋಸ್ತ ಒಬ್ಬ ಹೊಸ ಡೆಕ್ ಕಟ್ಟಿ 10 ಆಟದಲ್ಲಿ 7 ಸೋತ. "ಲೇ, ಈ ಎರಡೂ ಲೆಜೆಂಡರಿ ದಂಡ, ಒಡದ ಬಿಡ್ತೀನಿ" ಅಂತ ಫೋನ್ ಹಿಡ್ಕೊಂಡು ಕೂತಿದ್ದ. ಒಡೆದ್ರೆ ಸಿಗೋದು 800, ಅದರಲ್ಲಿ ಇನ್ನೊಂದು ಲೆಜೆಂಡರಿನೂ ಬರಲ್ಲ. ಅವೇ ಎರಡು ಮತ್ತೆ ಬೇಕು ಅಂದ್ರೆ 3200. ಅಷ್ಟು ಡಸ್ಟ್ ಕೂಡಿಸಬೇಕಾದ್ರೆ ವಾರಗಟ್ಟಲೆ ಆಡಬೇಕು, ಇಲ್ಲಾಂದ್ರೆ ಮನೆಯಿಂದ ಬಂದ ಮೆಸ್ ರೊಕ್ಕಕ್ಕೆ ಕೈ ಹಾಕಬೇಕು. ಎರಡನೇದನ್ನ ಮಾಡಿದೋರು ನಮ್ಮ ಫ್ಲೋರ್‌ನಲ್ಲೇ ಇದ್ದಾರೆ.

ಈಗ ಲೆಕ್ಕ. ಡೆಕ್ಕಿಗೆ ನಾಣ್ಯದ ಹಂಗೆ ಸರಿಯಾಗಿ ಶೇ. 50 ಗೆಲುವು ಇದೆ ಅನ್ಕೊಳ್ರಿ. ಆಗಲೂ 10 ಆಟದಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ಸೋಲೋ ಸಾಧ್ಯತೆ ಶೇ. 17. ಅಂದ್ರೆ ಆರು ಜನ ಇದೇ ಡೆಕ್ ಆಡಿದ್ರೆ ಒಬ್ಬನಿಗೆ ಹೆಚ್ಚುಕಡಿಮೆ ಹಿಂಗೇ ಆಗೋದು. ಅದೇ ನಾಣ್ಯ 20ರಲ್ಲಿ 12 ಅಥವಾ ಹೆಚ್ಚು ಗೆಲ್ಲೋ ಸಾಧ್ಯತೆ ಶೇ. 25. "ಚೊಲೋ ಐತಿ" ಅನ್ನೋ ಡೆಕ್ ಬರೀ ನಾಣ್ಯ ಇದ್ರೂ ಇರಬಹುದು.

ಹಂಗಾದ್ರೆ ಎಷ್ಟು ಆಡಬೇಕು? ಹಳೇ ಡೆಕ್ ಶೇ. 50, ಹೊಸದು ಶೇ. 55 ಅಂತ ಇಟ್ಕೊಳ್ರಿ. ಈ ಐದರ ವ್ಯತ್ಯಾಸ ಗಟ್ಟಿಯಾಗಿ ಕಾಣಬೇಕು ಅಂದ್ರೆ ಪುಸ್ತಕದ ಸೂತ್ರದ ಪ್ರಕಾರ ಒಂದೊಂದಕ್ಕೂ ಸುಮಾರು 1500 ಆಟ ಬೇಕು. ಎರಡೂ ಸೇರಿ 3000. ಆಟಕ್ಕೆ 8 ನಿಮಿಷ ಅಂದ್ರೂ 400 ತಾಸು. ವರ್ಷಕ್ಕೆ ಸುಮಾರು ಮೂರು ಸಲ ಹೊಸ ಕಾರ್ಡಿನ ಸೆಟ್ ಬರ್ತದೆ, ನಡುವೆ ಕಾರ್ಡುಗಳ ಬಲ ಹೆಚ್ಚುಕಮ್ಮಿ ಮಾಡ್ತಿರ್ತಾರೆ. ನಿಮ್ಮ ಪರೀಕ್ಷೆ ಮುಗಿಯೋದರೊಳಗೆ ಎದುರಾಳಿಗಳ ಡೆಕ್ಕೇ ಬದಲಾಗಿರ್ತವೆ. ಒಂದೇ ಒಂದು ಕಾರ್ಡು ಬದಲಿಸಿ ಅದರ ಗುಣ ಗೆಲುವು-ಸೋಲಿನಿಂದ ತಿಳಿಯೋದಂತೂ ಒಬ್ಬ ವಿದ್ಯಾರ್ಥಿ ಕೈಲಿ ಆಗೋ ಕೆಲಸ ಅಲ್ಲ.

ಅದಕ್ಕೇ ನನ್ನ ಪ್ರಕಾರ ಡೆಕ್ ಪರೀಕ್ಷೆಯನ್ನ ಎರಡು ಭಾಗ ಮಾಡಬೇಕು. ಆಡದೇ ಗೊತ್ತಾಗೋದು ಒಂದು, ಆಡಿದ್ರೆ ಮಾತ್ರ ಗೊತ್ತಾಗೋದು ಇನ್ನೊಂದು.

ಕಾರ್ಡು ಕೈಗೆ ಬರೋದಕ್ಕೂ ಎದುರಾಳಿಗೂ ಸಂಬಂಧ ಇಲ್ಲ. ಅದು ಶುದ್ಧ ಗಣಿತ. ದೋಸ್ತನ ಡೆಕ್‌ನಲ್ಲಿ ಎರಡನೇ ಸರದಿಯೊಳಗೆ ಇಳಿಸಬಹುದಾದ ಕಾರ್ಡು ಬರೀ 5 ಇದ್ದವು. ಮೊದಲು ಆಡೋನಿಗೆ ಆರಂಭದಲ್ಲಿ 3 ಕಾರ್ಡು, ಎರಡು ಸರದಿಗೆ ಇನ್ನೆರಡು, ಒಟ್ಟು 5 ಕಾರ್ಡು ನೋಡಲು ಸಿಗ್ತವೆ. ಆ ಐದರಲ್ಲಿ ಒಂದಾದ್ರೂ ಅಗ್ಗದ ಕಾರ್ಡು ಇರೋ ಸಾಧ್ಯತೆ ಶೇ. 63. ಅಂದ್ರೆ ಮೂರು ಆಟಕ್ಕೆ ಒಂದು ಆಟ ಮೀರಿ ಅವನು ಎರಡು ಸರದಿ ಸುಮ್ನೆ ಕೂತಿರ್ತಾನೆ. ಅದೇ 5ರ ಬದಲು 8 ಇಟ್ರೆ ಶೇ. 63 ಇದ್ದದ್ದು ಶೇ. 81.5 ಆಗ್ತದೆ.

ಆರಂಭದಲ್ಲಿ ಬೇಡದ ಕಾರ್ಡು ವಾಪಸ್ ಹಾಕಿ ಬೇರೆ ತಗೊಳ್ಳೋ ಅವಕಾಶ ಇದೆ, ಅದಕ್ಕೆ ಮಲ್ಲಿಗನ್ ಅಂತಾರೆ. ಅದನ್ನ ಸೇರಿಸಿದ್ರೆ ಅಂಕಿ ಇನ್ನೂ ಮೇಲೆ ಹೋಗ್ತದೆ. ಇಲ್ಲಿ ಒಂದು ಮಜಾ ಇದೆ. ಒಂದು ಕಾರ್ಡಿನ ಎರಡು ಪ್ರತಿ ಇಟ್ಟು, ಅದಕ್ಕಾಗಿಯೇ ಮೂರೂ ಕಾರ್ಡು ವಾಪಸ್ ಹಾಕಿದ್ರಿ ಅನ್ಕೊಳ್ರಿ. ಹಾಕಿದ್ದು ಆ ಕ್ಷಣಕ್ಕೆ ತಿರುಗಿ ಬರಲ್ಲ, ಆದ್ದರಿಂದ 6 ಬೇರೆ ಬೇರೆ ಕಾರ್ಡು ನೋಡಿದ ಹಂಗಾಯ್ತು. ಆಮೇಲೆ ಆ ಮೂರೂ ಡೆಕ್ಕಿಗೆ ಸೇರ್ತವೆ, ಮುಂದಿನ ಎರಡು ಎಳೆತ ಬರೋದು 27 ಕಾರ್ಡಿನಿಂದ. ಲೆಕ್ಕ ಹಾಕಿದ್ರೆ ಎರಡನೇ ಸರದಿಯೊಳಗೆ ಆ ಕಾರ್ಡು ಸಿಗೋ ಸಾಧ್ಯತೆ ಶೇ. 46. ಅಷ್ಟು ಕಷ್ಟಪಟ್ಟು ಹುಡುಕಿದ್ರೂ ಅರ್ಧಕ್ಕಿಂತ ಕಡಿಮೆ! ಒಂದೇ ಕಾರ್ಡನ್ನ ನಂಬಿ ಡೆಕ್ ಕಟ್ಟೋರು ಇದನ್ನ ಒಂದ್ಸಲ ನೋಡಬೇಕು. ಸೂತ್ರ ಬೇಜಾರು ಅನಿಸಿದ್ರೆ ಪೈಥಾನ್‌ನಲ್ಲಿ 30 ಕಾರ್ಡಿನ ಲಿಸ್ಟ್ ಮಾಡಿ, ಲಕ್ಷ ಸಲ ಕಲಸಿ, ಎಣಿಸ್ರಿ. ಇಪ್ಪತ್ತು ಸಾಲಿನ ಪ್ರೋಗ್ರಾಂ, ಫಸ್ಟ್ ಇಯರ್‌ನೋರೂ ಬರೀಬಹುದು.

ದೋಸ್ತನ ಡೆಕ್ಕಿನಿಂದ ಮೂರು ಭಾರದ ಕಾರ್ಡು ತೆಗೆದು ಮೂರು ಕಾಮನ್ ಕಾರ್ಡು ಹಾಕಿದ್ವಿ. ಖರ್ಚು 120 ಡಸ್ಟ್. ಲೆಜೆಂಡರಿಗಳು ಅಲ್ಲೇ ಉಳಿದವು.

ಇನ್ನು ಆಡಿಯೇ ತಿಳಿಯಬೇಕಾದ ಭಾಗ. ಇದಕ್ಕೆ ಚೊಲೋ ಪಾಠ ಹೊಲದಲ್ಲಿ ಸಿಗ್ತದೆ. ನಮ್ಮೂರು ಸವಣೂರು ತಾಲ್ಲೂಕಿನ ಯಲವಿಗಿ. ನಮ್ಮ ಕಾಕಾ ಗೋವಿನಜೋಳದ ಹೊಸ ಬೀಜ ತಂದ್ರೆ ಇಡೀ ಹೊಲಕ್ಕೆ ಬಿತ್ತಲ್ಲ. ಹೊಲದ ಒಂದು ಕಡೆ ಹೊಸದು, ಅದರ ಮಗ್ಗುಲಿಗೇ ಹಳೇದು. ಯಾಕೆ ಅಂದ್ರೆ, "ಹೋದ ವರ್ಷದ ಮಳಿನೇ ಬ್ಯಾರೆ, ಈ ವರ್ಷದ್ದ ಬ್ಯಾರೆ. ಒಂದ ಮಳಿ ಕುಡಿದ ಬೆಳಿ ಮಗ್ಗಲಕ್ಕ ಮಗ್ಗಲ ನಿಂತ್ರ ಕಾಣ್ತೈತಿ" ಅಂತಾರೆ. ಸ್ಟಾಟಿಸ್ಟಿಕ್ಸ್ ಪುಸ್ತಕದಲ್ಲಿ ಬರೋ ರೊನಾಲ್ಡ್ ಫಿಶರ್ ಕೂಡ ಹೊಲದಿಂದಲೇ ಬಂದ ಹೆಸರು. 1919ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿ, ಬೆಳೆಯ ಪ್ರಯೋಗಗಳನ್ನ ನೋಡ್ತಾ ನೋಡ್ತಾ ಪ್ರಯೋಗ ಹೆಂಗೆ ಜೋಡಿಸಬೇಕು ಅನ್ನೋ ಶಾಸ್ತ್ರ ಕಟ್ಟಿದರು. ಅದರ ಪುಸ್ತಕ 1935ರಲ್ಲಿ ಬಂತು.

ನಾವು ಮಾಡೋದು ಇದಕ್ಕೆ ಪೂರಾ ಉಲ್ಟಾ. ಹಳೇ ಡೆಕ್ ಸೋಮವಾರ ಆಡ್ತೀವಿ, ಸೋತು ಸಿಟ್ಟು ಬಂದ ಮೇಲೆ ಹೊಸದನ್ನ ಶನಿವಾರ ರಾತ್ರಿ ಆಡ್ತೀವಿ. ಎದುರಾಳಿಗಳು ಬೇರೆ, ರ‍್ಯಾಂಕ್ ಬೇರೆ, ನಮ್ಮ ತಲೆಯೂ ಬೇರೆ. ಅದರ ಬದಲು ಒಂದು ಆಟ ಹಳೇದು, ಒಂದು ಆಟ ಹೊಸದು, ಹಿಂಗೆ ಒಂದೇ ದಿನ ಸರದಿ ಮೇಲೆ ಆಡ್ರಿ. ನಡುವೆ ಏನೂ ಬದಲಿಸಬೇಡ್ರಿ. ಎಷ್ಟು ಆಟ ಅಂತ ಮೊದಲೇ ಬರೆದಿಡ್ರಿ, ಇಲ್ಲಾಂದ್ರೆ ಗೆಲುವು ಮೇಲಿದ್ದಾಗ ನಿಲ್ಲಿಸೋ ಚಟ ಬಿಡಲ್ಲ. ಎಂಥ ಆಟ ಲೆಕ್ಕಕ್ಕಿಲ್ಲ ಅನ್ನೋದನ್ನೂ ಮೊದಲೇ ತೀರ್ಮಾನಿಸ್ರಿ. ಹುಬ್ಬಳ್ಳಿಯಿಂದ ಊರಿಗೆ ಹೋಗುವಾಗ ರೈಲಿನಲ್ಲಿ ಆಡಿದ್ದನ್ನ ನಾನು ಹಿಡಿಯೋದೇ ಇಲ್ಲ, ಗೆದ್ರೂ ಸೋತ್ರೂ. ಕುಂದಗೋಳ ದಾಟಿದ ಮೇಲೆ ನನ್ನ ಫೋನಿನ ನೆಟ್ ಹೋಗಿ ಬಂದು ಮಾಡ್ತದೆ, ಅಷ್ಟರಲ್ಲಿ ಒಂದು ಸರದಿ ಹೋಗಿರ್ತದೆ. ಅದು ಡೆಕ್ಕಿನ ತಪ್ಪಲ್ಲ.

ಮುಖ್ಯವಾಗಿ, ಗೆಲುವು-ಸೋಲು ಒಂದನ್ನೇ ಬರೀಬೇಡ್ರಿ. ಒಂದು ಆಟದಿಂದ ಅದು ಕೊಡೋದು ಒಂದೇ ಬಿಟ್ ಮಾಹಿತಿ. ಎರಡನೇ ಸರದಿಗೆ ಏನಾದ್ರೂ ಇಳಿಸಿದ್ನಾ, ಒಟ್ಟು ಎಷ್ಟು ಮಾನಾ ದಂಡ ಆಯ್ತು, ಆಟ ಮುಗಿದಾಗ ಕೈಯಲ್ಲಿ ಯಾವ ಕಾರ್ಡು ಉಳಿದಿತ್ತು, ಹೊಸ ಕಾರ್ಡು ಬಂದಾಗ ಅದು ಬೇಕಿತ್ತಾ ಬ್ಯಾಡಾಗಿತ್ತಾ. ಇವು 30 ಆಟದಲ್ಲೇ ಏನೋ ಒಂದು ಹೇಳೋಕೆ ಶುರು ಮಾಡ್ತವೆ. ಒಂದು ಕಾರ್ಡು ಹತ್ತು ಸಲ ಬಂದು ಎಂಟು ಸಲ ಕೈಯಲ್ಲೇ ಕೊಳೆತಿದ್ರೆ 1500 ಆಟ ಕಾಯೋದು ಬೇಕಿಲ್ಲ.

ದೋಸ್ತನ ನೋಟ್‌ಬುಕ್ಕಿನಲ್ಲಿ ಈಗ ಇವೇ ನಾಲ್ಕು ಕಾಲಂ ಇವೆ. ಐದನೇದನ್ನ ಅವನೇ ಸೇರಿಸಿದಾನೆ: "ನಿದ್ದಿ ಬಂದಿತ್ತಾ?"