ಬಸುರಿಯ ನಡಿಗೆಗೆ ತಂಪು ಹೊತ್ತು

ಅನ್ನೂರಿನ ಕಡೆ ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳಿವೆ. ಅಂಥ ಒಂದು ಮನೆ ಅಂತ ಇಟ್ಟುಕೊಳ್ಳಿ. ಸೊಸೆಗೆ ಐದು ತಿಂಗಳು. ಹೊರಗೆ ಏಪ್ರಿಲ್ ಬಿಸಿಲು.

"ಅತ್ತೆ, ಸಂಜೆ ಮನ್ನೀಶ್ವರನ ಗುಡಿ ತನಕ ನಡೆದು ಬರ್ತೀನಿ."

"ಬ್ಯಾಡಮ್ಮ. ಬಸುರಿ ಸುಮ್ಮನೆ ಕೂತಿರಬೇಕು."

ಅದೇ ಸೊಸೆ ನಡುಮಧ್ಯಾಹ್ನ ನಾಲ್ಕು ಕೊಡ ನೀರು ಹೊತ್ತಳು. ತಗಡಿನ ಸೂರಿನ ಕೆಳಗೆ ಒಲೆ ಮುಂದೆ ಕೂತಳು. ಅದನ್ನು ಯಾರೂ ಬೇಡ ಅನ್ನಲಿಲ್ಲ!

ಮನೆಗೆ ಬಂದ ನರ್ಸಮ್ಮ ಇದನ್ನು ಕೇಳಿ ನಕ್ಕರು. "ಇದು ತಿರುವುಮುರುವು ಆಯ್ತಲ್ಲಮ್ಮ. ನಡಿಗೆ ಒಳ್ಳೇದು. ಕೆಟ್ಟದ್ದು ಕಾವು. ಹೊಟ್ಟೆಯ ಕೂಸಿನ ಮೈ ತಾಯಿಯ ಮೈಗಿಂತ ಸ್ವಲ್ಪ ಬೆಚ್ಚಗಿರುತ್ತೆ. ಕೂಸಿಗೆ ಬೆವರಿ ತಂಪಾಗೋಕೆ ಆಗಲ್ಲ. ಅದರ ಬಿಸಿ ತಾಯಿಯ ರಕ್ತದ ಮೂಲಕವೇ ಹೊರಗೆ ಹೋಗಬೇಕು. ತಾಯಿಯ ಮೈಯೇ ಕಾದರೆ ಅದು ಎಲ್ಲಿಗೆ ಹೋಗಬೇಕು?"

ಮೊದಲ ಮೂರು ತಿಂಗಳು ಇನ್ನೂ ಎಚ್ಚರ ಬೇಕು. ಆಗ ತಾಯಿಯ ಮೈಬಿಸಿ 102 ಡಿಗ್ರಿ ದಾಟಿ ಹಾಗೇ ನಿಂತರೆ, ಕೂಸಿನ ಮಿದುಳು, ಬೆನ್ನುಹುರಿ ಸರಿಯಾಗಿ ಬೆಳೆಯದೆ ಹೋಗಬಹುದು. ಆದ್ದರಿಂದ ಜ್ವರ ಬಂದರೆ ಕಷಾಯ ಕುಡಿದು ಕಾಯಬಾರದು; ಡಾಕ್ಟರ ಹತ್ತಿರ ಹೋಗಬೇಕು. ಎಣ್ಣೆ ಸ್ನಾನಕ್ಕೆ ಸುಡುನೀರು ಬೇಡ, ಉಗುರುಬೆಚ್ಚಗಿನ ನೀರು ಸಾಕು.

ತೊಂದರೆಯಿಲ್ಲದ ಬಸುರಿಯರು ವಾರಕ್ಕೆ 150 ನಿಮಿಷವಾದರೂ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ರಕ್ತಸ್ರಾವ, ಹೆಚ್ಚು ರಕ್ತದೊತ್ತಡ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಬೆಳಿಗ್ಗೆ ಬಿಸಿಲೇರುವ ಮೊದಲು, ಇಲ್ಲವೇ ಸಂಜೆ ನಡೆಯಿರಿ. ಸಡಿಲವಾದ ಹತ್ತಿ ಬಟ್ಟೆ ಉಡಿ. ಹೊರಡುವ ಮೊದಲು ನೀರು ಕುಡಿಯಿರಿ, ಜೊತೆಗೂ ಒಯ್ಯಿರಿ. ನಡೆಯುತ್ತಾ ಮಾತಾಡಲು ಆಗಬೇಕು. ಏದುಸಿರು ಬಂದರೆ ನಿಧಾನ ಮಾಡಿ.

ತಲೆ ಸುತ್ತಿದರೆ, ಎದೆ ನೋವು ಬಂದರೆ ಅಲ್ಲೇ ನಿಲ್ಲಿ, ನೆರಳಿಗೆ ಬನ್ನಿ. ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಯ್ತು, ಸಂಜೆ ನಾನೂ ಬರ್ತೀನಿ. ನೀರಿನ ಕೊಡ ನಿನ್ನ ಗಂಡ ಹೊರಲಿ" ಅಂದರು.

ಹೇಳಿ, ಬರೆಯಿರಿ:
ದಿನಕ್ಕೆ 30 ನಿಮಿಷದಂತೆ ವಾರಕ್ಕೆ 5 ದಿನ ನಡೆದರೆ ಒಟ್ಟು ಎಷ್ಟು ನಿಮಿಷ?
ನಿಮ್ಮ ಮನೆಯಲ್ಲಿ ಮಧ್ಯಾಹ್ನ ನೀರು ಹೊರುವವರು ಯಾರು?