ಮೊಳೆ ಚುಚ್ಚಿದ ತೂತು ಚಿಕ್ಕದು ಅಂತ ಬಿಡಬೇಡಿ

ಕಳೆದ ಮುಂಗಾರಿಗೆ ಮುಂಚೆ ನಮ್ಮ ಕೊಟ್ಟಿಗೆಯ ಹಳೇ ಸೂರು ಬಿಚ್ಚಿದ್ದೆವು. ಮೊಳೆ ಇದ್ದ ಪಟ್ಟಿಗಳನ್ನೆಲ್ಲ ಹಾಗೇ ತಿಪ್ಪೆ ಪಕ್ಕ ರಾಶಿ ಹಾಕಿದ್ದೆ. ಸಂಜೆ ದನಕ್ಕೆ ಹುಲ್ಲು ಹಾಕೋಕೆ ಹೋದಾಗ ಒಂದು ಮೊಳೆ ಹವಾಯಿ ಚಪ್ಪಲಿ ದಾಟಿ ಅಂಗಾಲಿಗೆ ಹೊಕ್ಕಿತು. ಕಾಲು ಎಳೆದುಕೊಂಡೆ. ಬಂದಿದ್ದು ನಾಲ್ಕೇ ಹನಿ ರಕ್ತ. ಅಜ್ಜಿ ಅರಿಶಿನ, ಸುಣ್ಣ ಮೆತ್ತಿದರು, ನಾನೂ ಸುಮ್ಮನಾದೆ. ಮೂರನೇ ದಿನ ಕಾಲು ಊದಿ ನೆಲಕ್ಕೆ ಊರೋಕೇ ಆಗಲಿಲ್ಲ. ಡಾಕ್ಟರು ಗಾಯ ಬಿಡಿಸಿದಾಗ ಕೀವಿನ ಜೊತೆ ಚಪ್ಪಲಿಯ ರಬ್ಬರ್ ಚೂರು ಹೊರಗೆ ಬಂತು! ಬಿತ್ತನೆ ಹೊತ್ತಿನಲ್ಲಿ ಹನ್ನೆರಡು ದಿನ ಮಂಚ ಹಿಡಿದೆ.

ಕುಡುಗೋಲು ತಾಗಿದರೆ ರಕ್ತ ಹರಿದು ಕೊಳೆ ಸ್ವಲ್ಪ ಹೊರಗೆ ಹೋಗುತ್ತೆ. ಮೊಳೆ ಹಾಗಲ್ಲ, ಕೊಳೆಯನ್ನು ಆಳಕ್ಕೆ ತಳ್ಳುತ್ತೆ, ಮೇಲೆ ಚರ್ಮ ಬೇಗ ಮುಚ್ಚಿಕೊಳ್ಳುತ್ತೆ. ಧನುರ್ವಾಯು ತರುವ ರೋಗಾಣು ಗಾಳಿಯಾಡದ ಇಂಥ ಜಾಗದಲ್ಲೇ ಬೆಳೆಯೋದು. ಅದರ ಬೀಜಾಣುಗಳು ಮಣ್ಣು, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ತುಕ್ಕಿನಿಂದ ಧನುರ್ವಾಯು ಬರುತ್ತೆ ಅನ್ನೋದು ತಪ್ಪು. ಹೊಸ ಮೊಳೆಯಾದರೂ ಕೊಟ್ಟಿಗೆಯ ಮಣ್ಣು ಮೆತ್ತಿದ್ದರೆ ಅಪಾಯ ಅಷ್ಟೇ. ಸುಣ್ಣ, ಸಗಣಿ, ಸೀಮೆಎಣ್ಣೆ ಯಾವುದೂ ಬೇಡ. ಅಜ್ಜಿ ಬೈದರೆ ಬೈಯಲಿ.

ಚುಚ್ಚಿದ ಕೂಡಲೇ ಕೈ ತೊಳೆದು, ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ ಐದರಿಂದ ಹತ್ತು ನಿಮಿಷ ತೊಳೆಯಿರಿ. ಪಿನ್ನು ಹಾಕಿ ಕೆದಕಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಕಟ್ಟಿ. ಮೊಳೆ ಆಳಕ್ಕೆ ಸಿಕ್ಕಿಕೊಂಡಿದ್ದರೆ ಕೀಳದೆ, ಅಲುಗಾಡದ ಹಾಗೆ ಸುತ್ತ ಬಟ್ಟೆ ಕಟ್ಟಿ ಆಸ್ಪತ್ರೆಗೆ ಹೋಗಿ. ಚುಚ್ಚಿದ ಮೊಳೆಯನ್ನೂ ಚಪ್ಪಲಿಯನ್ನೂ ಒಮ್ಮೆ ನೋಡಿ: ಮೊಳೆಯ ತುದಿ ಮುರಿದಿದೆಯಾ, ರಬ್ಬರ್ ಚೂರು ಕಾಣೆಯಾಗಿದೆಯಾ? ಆಗಿದ್ದರೆ ಡಾಕ್ಟರಿಗೆ ಹೇಳಿ.

ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಇಂಥ ಕೊಳೆ ಗಾಯಕ್ಕೆ, ಹಿಂದಿನ ಟಿಟಿ ಅಥವಾ ಟಿಡಿ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಇನ್ನೊಂದು ಬೇಕು. ಚಿಕ್ಕಂದಿನಲ್ಲಿ ಲಸಿಕೆ ಸರಿಯಾಗಿ ಆಗಿಲ್ಲ, ಅಥವಾ ನೆನಪೇ ಇಲ್ಲ ಅಂದರೆ ಅದನ್ನೂ ಹೇಳಿ, ಬೇರೆ ಇಂಜೆಕ್ಷನ್ ಕೂಡ ಬೇಕಾಗಬಹುದು. ತಡವಾಯ್ತು ಅಂತ ಬಿಡಬೇಡಿ, ಮರುದಿನವಾದರೂ ಹೋಗಿ. ಚೀಟಿಯ ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ. ನನ್ನ ಹಳೇ ಚೀಟಿ ಸಿಗದೆ ಅವತ್ತು ಬಹಳ ಪೇಚಾಡಿದೆ.

ಸಕ್ಕರೆ ಕಾಯಿಲೆ ಇದ್ದವರು ಗಾಯ ನೋಯದಿದ್ದರೂ ತೋರಿಸಲೇಬೇಕು. ಊತ, ಕೀವು, ಜ್ವರ ಕಂಡರೆ ಕಾಯಬೇಡಿ. ದವಡೆ ಬಿಗಿದು ಬಾಯಿ ತೆರೆಯೋಕೆ ಕಷ್ಟ, ಕುತ್ತಿಗೆ ಸೆಟೆದುಕೊಂಡಿದೆ ಅಂದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ. ಹೆಚ್ಚಾಗಿ 3ರಿಂದ 21 ದಿನದೊಳಗೆ ಇದು ಕಾಣಿಸುತ್ತೆ, ಅಷ್ಟರಲ್ಲಿ ಗಾಯ ಮಾಯ್ದೂ ಇರಬಹುದು.

ಈಗ ನಾನು ಪಟ್ಟಿ ಬಿಚ್ಚಿದ ದಿನವೇ ಮೊಳೆ ಕೀಳುತ್ತೇನೆ, ಕೀಳೋಕೆ ಆಗದಿದ್ದರೆ ಬಡಿದು ಮಡಿಸುತ್ತೇನೆ. ಕೆಲಸಕ್ಕೆ ದಪ್ಪ ಅಟ್ಟೆಯ ಬೂಟು. ಕೆಟ್ಟ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಅಂಗಳದಲ್ಲಿ ಎಳೆದಾಡಿದೆ, ಅರ್ಧ ಡಬ್ಬ ಮೊಳೆ ಸಿಕ್ಕಿತು. ಅದರಲ್ಲಿ ಮೂರು ಹುಲ್ಲಿನ ಬಣವೆಯ ಬುಡದಲ್ಲೇ ಇದ್ದವು, ಇನ್ನೇನು ಮೇವಿನ ಜೊತೆ ಹಸುವಿನ ಹೊಟ್ಟೆ ಸೇರ್ತಿದ್ದವು.